ಸಾಹೇಬರ ಫ್ಯಾನಿನ ಎರಡು ಚೀಟಿ

“ಅಮ್ಮಾ, ಕರಿಕೋಟಿನ ಅಜ್ಜ ಸಾಮಾನೆಲ್ಲ ಕಳ್ಕೊಂಡು ಬರ್ತಾರಾ?”

ಬೇಸಿಗೆ ಶುರುವಾದ ಹೊಸತರಲ್ಲಿ, ಕಚೇರಿಯ ಮೆಟ್ಟಿಲು ಇಳಿಯುತ್ತಾ ಮಗಳು ಕೇಳಿದ ಪ್ರಶ್ನೆ ಇದು. ಯಾಕೆ ಹಾಗಂತೀಯ ಅಂದೆ. “ಮತ್ತೆ ಅವರ ಫ್ಯಾನಿಗೆ ಚೀಟಿ ಕಟ್ಟಿದಾರಲ್ಲ. ನೀನು ನನ್ನ ನೀರಿನ ಬಾಟಲಿಗೆ ಕಟ್ಟಿದೀಯಲ್ಲ, ಹಾಗೆ.” ಒಂದನೇ ತರಗತಿಗೆ ಸೇರಿದ ತಿಂಗಳೊಳಗೆ ಮೂರು ಬಾಟಲಿ ಕಳೆದು ಬಂದವಳು ಅವಳು. ಚೀಟಿ ಅಂದರೆ ಕಳೆದುಕೊಳ್ಳುವವರ ಗುರುತು ಅಂತಲೇ ತಿಳಿದಿದ್ದಾಳೆ.

“ಅದು ಅವರ ಫ್ಯಾನಲ್ಲ ಕಣೆ,” ಎಂದೆ.

“ಮತ್ತೆ ಅವರ ಮೇಜಿನ ಮೇಲೆ ಯಾಕಿದೆ?”

ಇದಕ್ಕೆ ಉತ್ತರ ಹೇಳಬೇಕಾದರೆ ಸಾಹೇಬರ ಪುರಾಣವನ್ನೇ ಬಿಚ್ಚಬೇಕಿತ್ತು. ಆ ಹೊತ್ತಿಗೆ ಬಸ್ಸು ಬಂತು, ನಾನು ಬಚಾವಾದೆ.

ಕರಿಕೋಟಿನ ಅಜ್ಜ ಅಂದರೆ ನಮ್ಮ ಸರ್ಕಾರಿ ವಕೀಲರು. ಕೋರ್ಟಿನ ಕಟ್ಟಡದ ಎರಡನೇ ಮಹಡಿಯಲ್ಲಿ ಅವರ ಕಚೇರಿ. ಏಳು ವರ್ಷದಿಂದ ನಾನು ಅಲ್ಲಿ ಟೈಪಿಸ್ಟು. ಮಗಳ ಶಾಲೆ ಹಿಂದಿನ ಬೀದಿಯಲ್ಲೇ ಇರುವುದರಿಂದ, ಶಾಲೆ ಬಿಟ್ಟಮೇಲೆ ಅವಳು ನನ್ನ ಮೇಜಿನ ಪಕ್ಕ ಕೂತು ಕೆಟ್ಟ ಕಾಗದಗಳ ಬೆನ್ನಿನ ಮೇಲೆ ಚಿತ್ರ ಬರೆಯುತ್ತಾಳೆ. ಸರ್ಕಾರದ ಪರವಾಗಿ ನಿಂತು, ಅಪರಾಧ ಮಾಡಿದವರಿಗೆ ಶಿಕ್ಷೆ ಕೊಡಿಸುವುದು ಸಾಹೇಬರ ಕೆಲಸ. ಅದರಲ್ಲಿ ನಿಲ್ಲುವುದನ್ನು ಅವರು ಬಹಳ ಚೆನ್ನಾಗಿ ಮಾಡುತ್ತಾರೆ.

ವಯಸ್ಸು ಐವತ್ತಾರು. ಮೂವತ್ತರಲ್ಲಿ ಸ್ವಂತ ವಕೀಲಿಕೆ ಶುರುಮಾಡಿ ಬೋರ್ಡು ತಗುಲಿಸಿದ್ದರಂತೆ. ಎರಡು ವರ್ಷದಲ್ಲಿ ಆ ಬೋರ್ಡಿನ ಹಿಂದೆ ಗುಬ್ಬಿ ಗೂಡು ಕಟ್ಟಿತೇ ಹೊರತು ಕಕ್ಷಿದಾರರು ಬರಲಿಲ್ಲ. ಆಮೇಲೆ ಸರ್ಕಾರ ಕೈ ಹಿಡಿಯಿತು. ಇಲ್ಲಿ ಕೇಸು ತಾನಾಗಿ ಬರುತ್ತದೆ, ಯಾರನ್ನೂ ಕರೆಯಬೇಕಿಲ್ಲ. ಫೈಲು ಓದುವ ಅಭ್ಯಾಸ ಅವರಿಗಿಲ್ಲ. ಕೋರ್ಟಿನಲ್ಲಿ ಎದ್ದು ನಿಂತಮೇಲೆ ಬೆರಳು ಆಡಿಸುತ್ತಾ, ಮೊದಲ ಸಲ ಓದುತ್ತಾ, ಓದಿದ್ದನ್ನೇ ಗಟ್ಟಿ ದನಿಯಲ್ಲಿ ಹೇಳುತ್ತಾರೆ. ದನಿ ಮಾತ್ರ ಗಂಟೆಯ ಹಾಗಿದೆ. ಗಂಟೆಯ ಹಾಗೇ ಒಳಗೆಲ್ಲ ಖಾಲಿ.

ಅವರ ಕುರ್ಚಿಯ ಹಿಂದೆ ಒಂದು ಕರಿಹಲಗೆ ಇದೆ. ತಿಂಗಳಿಗೆ ಎಷ್ಟು ಕೇಸು ತೀರ್ಮಾನವಾಯಿತು, ಎಷ್ಟರಲ್ಲಿ ಶಿಕ್ಷೆಯಾಯಿತು ಅಂತ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ನೂರಕ್ಕೆ ನೂರು ಬರಬೇಕು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ದೊಡ್ಡ ವಕೀಲರನ್ನು ಇಟ್ಟುಕೊಂಡ ದೊಡ್ಡ ಕಳ್ಳರಿಗೆ ಮುಂದಿನ ತಾರೀಖು ಕೇಳುವುದು, ವಕೀಲರಿಗೆ ಕೊಡಲು ಗತಿಯಿಲ್ಲದ ಸಣ್ಣವರಿಗೆ ಶಿಕ್ಷೆ ಕೇಳುವುದು. ತೀರ್ಮಾನವಾಗದ ಕೇಸು ಹಲಗೆಗೆ ಬರುವುದಿಲ್ಲವಲ್ಲ. ಹಿಂದಿನಿಂದ ಇಡೀ ಕಟ್ಟಡ ಅವರನ್ನು ಕರೆಯುವುದೇ ‘ನೂರಕ್ಕೆ ನೂರು’ ಅಂತ. ಅವರ ಕಿವಿಗೂ ಬಿದ್ದಿದೆ. ಹೊಗಳಿಕೆ ಅಂದುಕೊಂಡಿದ್ದಾರೆ.

ಕೆಟ್ಟವರೇನಲ್ಲ. ಮಗಳಿಗೆ ಅಂತ ಡ್ರಾಯರಿನಲ್ಲಿ ಬಿಸ್ಕತ್ತು ಇಟ್ಟಿರುತ್ತಾರೆ. ನಾನು ಹೆತ್ತ ಮೂರನೇ ದಿನ ಆಸ್ಪತ್ರೆಗೆ ಫೋನು ಮಾಡಿದ ದೊಡ್ಡವರು ಅವರೊಬ್ಬರೇ. ಸ್ಟೇಪ್ಲರ್ ಎಲ್ಲಿಟ್ಟಿದ್ದೀಯ ಅಂತ ಕೇಳಲು.

ಇನ್ನು ಫ್ಯಾನು. ಅದು ಹೊಲಿಗೆ ಅಂಗಡಿ ಇಟ್ಟುಕೊಂಡ ಒಬ್ಬ ಹೆಂಗಸಿನದು. ಎರಡು ವರ್ಷದ ಹಿಂದೆ ಅವಳ ಅಂಗಡಿಯಿಂದ ಕಳುವಾಯಿತು. ಪೊಲೀಸರಿಗೆ ಅದು ಸಿಕ್ಕಿದ್ದು ಕೋರ್ಟು ರಸ್ತೆಯ ರಿಪೇರಿಯವನ ಅಂಗಡಿಯಲ್ಲಿ. ಕೇಸು ಅವನ ಮೇಲೆ ಬಿತ್ತು. ಅವನು ಹೇಳಿದ್ದು ಇಷ್ಟೇ: “ಯಾರೋ ರಿಪೇರಿಗೆ ತಂದುಕೊಟ್ಟರು. ನಾನು ಯಾರೇ ಏನೇ ತಂದರೂ ಹೆಸರು, ತಾರೀಖು, ಏನು ಕೆಟ್ಟಿದೆ ಅಂತ ಬರೆದು ಚೀಟಿ ಕಟ್ತೀನಿ. ಇದಕ್ಕೂ ಕಟ್ಟಿದ್ದೆ. ಪೊಲೀಸರು ಅದನ್ನ ಕಿತ್ತು ತಮ್ಮ ಚೀಟಿ ಕಟ್ಟಿದರು.”

ಸಾಹೇಬರು ಇದನ್ನು ಕೇಳಿ ಹೊಟ್ಟೆ ಕುಣಿಸಿ ನಕ್ಕಿದ್ದರು. “ಕದ್ದ ಮಾಲಿಗೆ ಚೀಟಿ ಕಟ್ಟೋ ಕಳ್ಳನಂತೆ. ಸುಳ್ಳಿಗೂ ಒಂದು ಮಟ್ಟ ಬೇಡ್ವೇನಮ್ಮ?”

ರಿಪೇರಿಯವನಿಗೆ ನಗು ಬರುವ ಸ್ಥಿತಿ ಇರಲಿಲ್ಲ. ಕಳ್ಳನ ಅಂಗಡಿಗೆ ಮಿಕ್ಸಿ ಕೊಡುವವರು ಯಾರು? ಜನ ಬಸ್‌ಸ್ಟಾಂಡಿನ ಅಂಗಡಿಗೆ ಹೋಗತೊಡಗಿದರು. ಶಿಕ್ಷೆಯಾದರೆ ಅಂಗಡಿಯ ಪರವಾನಗಿಯೂ ರದ್ದು, ಇಪ್ಪತ್ತು ವರ್ಷದ ಅಂಗಡಿಗೆ ಬೀಗ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ, ಇವನದು ಫ್ಯಾನಿಗೆ ಹೋಗಿತ್ತು.

ಕೇಸಿನ ವಸ್ತುಗಳು ಇರಬೇಕಾದ್ದು ಕೆಳಗಿನ ಮುದ್ದೆಮಾಲು ಕೋಣೆಯಲ್ಲಿ, ಪೊಲೀಸರ ಚೀಟಿಯೊಂದಿಗೆ. ಈ ಬೇಸಿಗೆ ನಮ್ಮ ಕೋಣೆಯ ಸೀಲಿಂಗ್ ಫ್ಯಾನು ಕೈಕೊಟ್ಟಿತು. ಹೊಸದಕ್ಕೆ ಬರೆದ ಅರ್ಜಿ ಯಾವ ಮೇಜಿನಲ್ಲಿ ನಿದ್ದೆ ಹೋಯಿತೋ. ಸಾಹೇಬರು ‘ಪರಿಶೀಲನೆಗಾಗಿ’ ಅಂತ ಸಹಿ ಹಾಕಿ ಆ ಟೇಬಲ್ ಫ್ಯಾನನ್ನು ಮೇಲೆ ತರಿಸಿಕೊಂಡರು. ಪರಿಶೀಲನೆ ಬೆಳಿಗ್ಗೆ ಹತ್ತೂವರೆಗೆ ಶುರುವಾಗಿ ಸಂಜೆ ಐದೂವರೆಗೆ ಮುಗಿಯುತ್ತಿತ್ತು. ಊಟದ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಜೋರು. ಬೂದು ಬಣ್ಣ, ಒಂದು ರೆಕ್ಕೆಯ ತುದಿ ಮುರಿದಿದೆ ಎಂದು ಆ ಫ್ಯಾನಿನ ವಿವರವನ್ನು ಟೈಪ್ ಮಾಡಿದವಳೇ ನಾನು. ಮೊದಲ ದಿನವೇ ಗುರುತು ಹಿಡಿದೆ. ಬಾಯಿ ಬಿಡಲಿಲ್ಲ. ನನಗೂ ಗಾಳಿ ಬರುತ್ತಿತ್ತು.

ಹೊಲಿಗೆಯವಳು ಒಂದು ದಿನ ತನ್ನ ವಸ್ತು ಯಾವಾಗ ಸಿಗುತ್ತದೆ ಅಂತ ಕೇಳಲು ಬಂದಳು. ಬಾಗಿಲಲ್ಲೇ ನಿಂತಳು. ಅವಳ ಫ್ಯಾನು ಕತ್ತು ಹೊರಳಿಸಿ, ಅವಳ ಸೆರಗನ್ನು ಒಮ್ಮೆ ಅಲುಗಿಸಿ, ಮತ್ತೆ ಸಾಹೇಬರ ಕಡೆ ತಿರುಗಿತು.

“ಚೆನ್ನಾಗಿ ಓಡ್ತಿದೆಯಾ ಸರ್?” ಎಂದಳು.

“ಸಾಕ್ಷ್ಯ ಸುಸ್ಥಿತಿಯಲ್ಲಿದೆಯಾ ಅಂತ ನೋಡ್ಕೋಬೇಕಲ್ಲಮ್ಮ,” ಎಂದರು ಸಾಹೇಬರು, ಕಣ್ಣೂ ಮಿಟುಕಿಸದೆ.

“ನಾನಾದ್ರೆ ಮಧ್ಯ ಮಧ್ಯ ಆರಿಸ್ತಿದ್ದೆ. ಬಿಸಿ ಆಗತ್ತೆ ಅದು,” ಎಂದು ಹೇಳಿ ಹೋದಳು.

ಅವಳು ಹೇಳಿದ್ದು ನಿಜವಾಯಿತು. ಮುಂದಿನ ವಾರವೇ ಫ್ಯಾನು ಸುಟ್ಟ ವಾಸನೆ ಬಿಟ್ಟು ನಿಂತಿತು. ವಿಚಾರಣೆಗೆ ಆರೇ ದಿನ. ಸಾಹೇಬರ ಹಣೆಯಲ್ಲಿ ನಾನು ಬೆವರು ಕಂಡದ್ದು ಅಂದೇ. ಅಟೆಂಡರನ್ನು ಕರೆದು, “ಎಲ್ಲಾದ್ರೂ ಚೆನ್ನಾಗಿ ಮಾಡೋರ ಹತ್ರ ಕೊಡಿಸ್ರೀ, ಬೇಗ ಆಗ್ಲಿ” ಎಂದರು. ಇನ್ನೊಂದು ವರ್ಷಕ್ಕೆ ನಿವೃತ್ತಿಯಾಗುವ ನಮ್ಮ ಅಟೆಂಡರ್ ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡುವವರು. ಫ್ಯಾನನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋದರು, ಮರುದಿನ ತಂದರು. ಗಾಳಿ ಮೊದಲಿಗಿಂತ ಜೋರಾಗಿತ್ತು. ಸಾಹೇಬರು “ಭೇಷ್” ಎಂದು ಕಣ್ಣು ಮುಚ್ಚಿ ಒರಗಿದರು. ಯಾರ ಹತ್ತಿರ ಮಾಡಿಸಿದಿರಿ ಅಂತ ಕೇಳಲಿಲ್ಲ. ಅದನ್ನೂ ಓದದ ಫೈಲಿನ ಹಾಗೆ ಬಿಟ್ಟರು.

ವಿಚಾರಣೆಯ ದಿನ ಅಟೆಂಡರ್ ಫ್ಯಾನು ಹಿಡಿದರು, ನಾನು ಫೈಲು ಹಿಡಿದೆ. ಹೊಸದಾಗಿ ಬಂದಿದ್ದ ಮ್ಯಾಜಿಸ್ಟ್ರೇಟ್ ಮೇಡಂ ತೆಳ್ಳಗೆ, ಮಾತು ಕಮ್ಮಿ. ರಿಪೇರಿಯವನು ಕಟಕಟೆಯಲ್ಲಿ ಕೈಕಟ್ಟಿ ನಿಂತಿದ್ದ. ಒಗೆದ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಹೋಗದ ಗ್ರೀಸು. ಸಾಹೇಬರು ಎಂದಿನಂತೆ ಶುರುಮಾಡಿದರು. “ಕದ್ದ ವಸ್ತು ಯಾರ ಅಂಗಡಿಯಲ್ಲಿ ಸಿಕ್ಕಿತೋ ಅವನೇ ಅದಕ್ಕೆ ಹೊಣೆ. ಚೀಟಿ ಕಟ್ಟುತ್ತೇನೆ ಎಂಬುದು ಆರೋಪಿ ಕಟ್ಟಿದ ಕಥೆ. ಅಂಥ ಒಂದೇ ಒಂದು ಚೀಟಿ ಈ ನ್ಯಾಯಾಲಯದ ಮುಂದೆ ಇಲ್ಲ.”

ಮೇಡಂ ಫ್ಯಾನನ್ನು ತರಿಸಿ ನೋಡಿದರು. ತಿರುಗಿಸಿ, ಬುಡ ನೋಡಿದರು.

“ಚೀಟಿ ಎರಡಿದೆಯಲ್ಲ. ಒಂದು ಪೊಲೀಸರದು. ಕೆಳಗಿನದು ಏನು?”

ಸಾಹೇಬರಿಗೂ ಅದು ಹೊಸದು. ತಾವು ಕಾಣದ ಸಾಕ್ಷ್ಯ ತಾನಾಗಿ ಕೈಗೆ ಬಂತು ಎಂಬ ಖುಷಿಯಲ್ಲಿ, ಕನ್ನಡಕ ಏರಿಸಿ, ಗಂಟೆಯ ದನಿಯಲ್ಲಿ ಓದಿದರು. “ಹೆಸರು, ಸರ್ಕಾರಿ ವಕೀಲರ ಕಚೇರಿ. ತಾರೀಖು, ಹದಿನಾಲ್ಕು. ದೋಷ, ದಿನವಿಡೀ ಓಡಿಸಿ ವೈರ್ ಸುಟ್ಟಿದೆ...”

ಕೊನೆಯ ಪದದಲ್ಲಿ ದನಿ ಒಳಗೆ ಹೋಯಿತು. ಹಿಂದಿನ ಬೆಂಚಿನಿಂದ ಯಾರದೋ ಕೆಮ್ಮು. ಅದು ಕೆಮ್ಮಲ್ಲ ಅಂತ ಎಲ್ಲರಿಗೂ ಗೊತ್ತಾಯಿತು.

ಮೇಡಂ ಕಟಕಟೆಯ ಕಡೆ ನೋಡಿದರು. “ಇದನ್ನ ಬರೆದದ್ದು ನೀವಾ?”

“ಹೌದು ಮೇಡಂ.”

“ಇದು ನಿಮ್ಮ ಮೇಲಿನ ಕೇಸಿನ ಫ್ಯಾನು ಅಂತ ಗೊತ್ತಾಗಲಿಲ್ವಾ?”

“ನೋಡಿದ ಕೂಡಲೆ ಗೊತ್ತಾಯ್ತು ಮೇಡಂ. ಆದ್ರೆ ಕೆಟ್ಟಿತ್ತಲ್ಲ.”

ಮೇಡಂ ಪೆನ್ನು ಕೆಳಗಿಟ್ಟರು. “ವಕೀಲರೆ, ಕಳುವಾದ ಇದೇ ಫ್ಯಾನನ್ನ ಈಗ ನಿಮ್ಮ ಕಚೇರಿಯವರೇ ಇವರ ಅಂಗಡಿಗೆ ಒಯ್ದು ಕೊಟ್ಟಿದ್ದಾರೆ. ಇವರು ಹೆಸರು ಬರೆದು ಚೀಟಿ ಕಟ್ಟಿದ್ದಾರೆ. ಆ ದಿನ ಪೊಲೀಸರು ಅಂಗಡಿಗೆ ಹೋಗಿದ್ದರೆ ಇವರು ಮತ್ತೊಮ್ಮೆ ಕಳ್ಳರಾಗ್ತಿದ್ದರು, ಅಲ್ವೆ? ಹಾಗಾದರೆ ತಂದುಕೊಟ್ಟವರು ಏನಾಗ್ತಾರೆ?”

ಸಾಹೇಬರ ಕೈ ತಾನಾಗಿ ಕೋಟಿನ ಕಾಲರಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಗಾದೆಯಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತು. ಆಮೇಲೆ ಬಾಯಿಗೆ ರೂಢಿಯಾದ ಮಾತೇ ಬಂತು. “ಮುಂದಿನ ತಾರೀಖು ಕೊಡಬೇಕಾಗಿ ಪ್ರಾರ್ಥನೆ.”

“ಬೇಡ,” ಎಂದರು ಮೇಡಂ.

ವಾರದಲ್ಲಿ ತೀರ್ಪು ಬಂತು. ರಿಪೇರಿಯವನ ಬಿಡುಗಡೆ. ಫ್ಯಾನು ಹೊಲಿಗೆಯವಳಿಗೆ. ಅವಳು ಅದನ್ನು ಮಗುವಿನ ಹಾಗೆ ಸೊಂಟಕ್ಕೆ ಏರಿಸಿಕೊಂಡು ಮೆಟ್ಟಿಲು ಇಳಿದಳು.

ಹೊರಗೆ ಸಾಹೇಬರು ಅಟೆಂಡರನ್ನು ಹಿಡಿದು ನಿಲ್ಲಿಸಿದರು. “ಊರಲ್ಲಿ ನಿಮಗೆ ಬೇರೆ ಅಂಗಡಿ ಸಿಗಲಿಲ್ವೇನ್ರೀ?”

“ಚೆನ್ನಾಗಿ ಮಾಡೋರ ಹತ್ರ ಕೊಡಿ ಅಂದ್ರಿ ಸರ್. ಚೆನ್ನಾಗಿ ಮಾಡೋದು ಅವನೊಬ್ಬನೇ.”

“ಚೀಟಿನಾದ್ರೂ ಕಿತ್ತು ತರಬಾರದಿತ್ತೇ?”

“ಸಾಕ್ಷ್ಯ ಅಲ್ವಾ ಸರ್. ಮುಟ್ಟಬಾರದು ಅಂತ ನೀವೇ ಹೇಳಿಕೊಟ್ಟಿದ್ದು.”

ಕರಿಹಲಗೆಯಲ್ಲಿ ಆ ತಿಂಗಳು ನೂರಕ್ಕೆ ತೊಂಬತ್ತಾರು ಅಂತ ಬಂತು. ಪಕ್ಕದಲ್ಲಿ ಸಾಹೇಬರು ಚಿಕ್ಕ ಅಕ್ಷರದಲ್ಲಿ ‘ತಾಂತ್ರಿಕ ಕಾರಣ’ ಎಂದು ಬರೆದರು. ಎರಡು ವರ್ಷ ಒಬ್ಬ ಮನುಷ್ಯ ಮುಖ ಎತ್ತಿ ಬೀದಿಯಲ್ಲಿ ನಡೆಯಲಾರದೆ ಹೋದದ್ದು ಅವರ ಲೆಕ್ಕದಲ್ಲಿ ತಾಂತ್ರಿಕ. ಅವನನ್ನು ಒಂದು ಮಾತು ಕೇಳಲಿಲ್ಲ, ಎದುರು ಸಿಕ್ಕಾಗ ತಲೆಯನ್ನೂ ಆಡಿಸಲಿಲ್ಲ. ರಸ್ತೆಯ ಆ ಪಕ್ಕಕ್ಕೆ ದಾಟಿ ನಡೆಯಲು ಶುರುಮಾಡಿದರು. ಅಂಗಡಿಯ ಮುಂದೆ ಈಗ ನಾಲ್ಕು ಮಿಕ್ಸಿ, ಎರಡು ಕುಕ್ಕರು ಕಾಣುತ್ತವೆ. ಎಲ್ಲಕ್ಕೂ ಚೀಟಿ. ಮೊದಲಿನಷ್ಟು ಇನ್ನೂ ಇಲ್ಲ.

ಮೊನ್ನೆ ಮಗಳು ನನ್ನ ಕಿವಿಯಲ್ಲಿ ಹೇಳಿದಳು, “ಅಮ್ಮಾ, ಅಜ್ಜನ ಕೋಟು ಮುದುರಿದೆ.” ನಿಜ, ವಾರದಿಂದ ಮುದುರಿದ ಕೋಟಿನಲ್ಲೇ ಬರುತ್ತಿದ್ದರು.

ನಿನ್ನೆ ಸಂಜೆ ಎಲ್ಲರೂ ಹೋದಮೇಲೆ ಸಾಹೇಬರು ನನ್ನ ಮೇಜಿನ ಹತ್ತಿರ ಬಂದರು. ಮಗಳಿಗೆ ಒಂದರ ಬದಲು ಎರಡು ಬಿಸ್ಕತ್ತು ಕೊಟ್ಟರು. ಆಗಲೇ ನನಗೆ ಅನುಮಾನ ಬಂತು. ಕಂಕುಳಿಂದ ಪೇಪರು ಸುತ್ತಿದ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಇಸ್ತ್ರಿ ಪೆಟ್ಟಿಗೆ.

“ಬಸ್‌ಸ್ಟಾಂಡಿನವನು ಎರಡು ಸಲ ಮಾಡಿಕೊಟ್ಟ ಕಣಮ್ಮ. ಎರಡು ಸಲವೂ ಕೈಕೊಡ್ತು. ಮನೇಲಿ ಬೈಗುಳ ಕೇಳಿ ಸಾಕಾಗಿದೆ. ನಿನ್ನಿಂದ ಒಂದು ಸಣ್ಣ ಉಪಕಾರ ಆಗಬೇಕು.”

“ಹೇಳಿ ಸರ್.”

“ನಮ್ಮ ರಸ್ತೆಯವನ ಹತ್ರ ಕೊಟ್ಟು ಮಾಡಿಸ್ಕೊಂಡು ಬಾ. ಅವನು ಕೈ ಇಟ್ಟದ್ದು ಮತ್ತೆ ಕೆಡಲ್ಲ.”

“ನೀವು ಹೋಗೋ ದಾರೀಲೇ ಇದೆಯಲ್ಲ ಸರ್ ಅಂಗಡಿ.”

ಅವರು ಕಿಟಕಿಯ ಕಡೆ ನೋಡಿದರು. ಆಮೇಲೆ ಮಗಳ ಕಡೆ ನೋಡಿದರು. ಅವಳು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿ ಇವರನ್ನೇ ನೋಡುತ್ತಿದ್ದಳು.

“ಅವನು ಚೀಟಿ ಕಟ್ತಾನಲ್ಲ,” ಎಂದರು ದನಿ ತಗ್ಗಿಸಿ. “ಅದರ ಮೇಲೆ ನಿನ್ನ ಹೆಸರು ಬರೆಸಮ್ಮ.”