ಸಂಪಂಗಿ ಅಂಕಲ್ ‘ಇಲ್ಲ’ ಅಂದ ಜಾಗಗಳು

“ಬೀಪ್ ಕೇಳಿದ ತಕ್ಷಣ ಬಟನ್ ಒತ್ತಿ ಅಂಕಲ್” ಎಂದೆ. ದಪ್ಪ ದನಿಗಳಿಗೆಲ್ಲ ಒತ್ತಿದರು. ಆಮೇಲೆ ಕೀರಲು ದನಿಗಳನ್ನು ಒಂದಾದ ಮೇಲೊಂದು ಬಿಟ್ಟೆ. ಅವರು ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕಾಯುತ್ತಾ ಕುಳಿತಿದ್ದರು.

ಸಿಡ್ನಿಯ ಲಿವರ್‌ಪೂಲ್ ಬಡಾವಣೆಯಲ್ಲಿ ಜನರ ಕಿವಿ ಪರೀಕ್ಷಿಸುವುದು ನನ್ನ ನೌಕರಿ. ಫೋನ್ ರಿಂಗಾದರೂ ಏಳುವುದಿಲ್ಲ ಎಂದು ಪದ್ಮಾ ಆಂಟಿ ಗಂಡನನ್ನು ಎಳೆದು ತಂದಿದ್ದರು. (ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲು ಹೇಳಿದವರು ಅಂಕಲ್ಲೇ.)

ಸಂಪಂಗಿ ಅಂಕಲ್ ಕೋಲಾರದ ಕಡೆಯವರು. ಕಾಲೇಜಿನಲ್ಲಿದ್ದಾಗಲೇ ರೇಡಿಯೊ ಬಿಡಿಭಾಗ ಜೋಡಿಸಿ ಮೊದಲ ಮೆಟಲ್ ಡಿಟೆಕ್ಟರ್ ಮಾಡಿಕೊಂಡರಂತೆ. ಸಿಡ್ನಿಯಲ್ಲಿ ಆ ಹವ್ಯಾಸಿಗಳ ಕ್ಲಬ್ಬಿಗೆ ಪ್ರೆಸಿಡೆಂಟ್. ಬೀಚಿನಲ್ಲೋ ಪಾರ್ಕಿನಲ್ಲೋ ಯಾರ ಒಡವೆ ಕಳೆದರೂ ಅವರಿಗೇ ಫೋನು. ಅವರು “ಇಲ್ಲಿಲ್ಲ” ಅಂದರೆ ಮುಗಿಯಿತು. ಇನ್ಯಾರೂ ಅಲ್ಲಿ ಹುಡುಕುತ್ತಿರಲಿಲ್ಲ.

ಆದರೆ ಅವರ ಯಂತ್ರ ಕಬ್ಬಿಣಕ್ಕೆ ದಪ್ಪ ದನಿಯಲ್ಲಿ, ಬೆಳ್ಳಿಗೆ ಕೀರಲು ದನಿಯಲ್ಲಿ ಕೂಗುತ್ತದೆ.

“ಎಷ್ಟು ವರ್ಷದಿಂದ ಹೀಗಿರಬಹುದು?” ಎಂದು ಕೇಳಿದರು.

“ನಾಲ್ಕೈದು ವರ್ಷ ಆಗಿರಬಹುದು ಅಂಕಲ್.”

“ಅಷ್ಟು ದಿನದಿಂದ ಜನಕ್ಕೆ ಇಲ್ಲ ಇಲ್ಲ ಅಂತ ಹೇಳ್ಕೊಂಡು ಬಂದಿದೀನಲ್ಲಪ್ಪ” ಅಂದರು.

ಹಿಯರಿಂಗ್ ಏಡ್ ಆರ್ಡರ್ ಮಾಡಿದೆ. ಅದು ಬರುವ ತನಕ ಅವರು ಕಾಯಲಿಲ್ಲ. ಕ್ಲಬ್ ಮೀಟಿಂಗಿನಲ್ಲಿ ಎದ್ದು ನಿಂತು ವಿಷಯ ಹೇಳಿ, ಹುದ್ದೆ ಬಿಟ್ಟರು. ಆಮೇಲೆ ಭಾನುವಾರ ಬಂದರೆ ಸಾಕು, ತಾವು ‘ಇಲ್ಲ’ ಅಂದಿದ್ದ ಒಂದೊಂದು ಜಾಗಕ್ಕೆ ಹೊರಟರು. ಯಂತ್ರ ಆಡಿಸುವುದು ಅವರು, ಹೆಡ್‌ಫೋನ್ ಆಂಟಿಯ ಕಿವಿಗೆ. (ಮೂವತ್ತು ವರ್ಷ ಈ ಹುಚ್ಚನ್ನು ಬೈದ ಅದೇ ಆಂಟಿ.)

ಮೂರನೇ ಭಾನುವಾರ ನದಿ ಪಕ್ಕದ ಪಾರ್ಕಿನಲ್ಲಿ ನಾನೂ ಇದ್ದೆ. “ರೀ, ನಿಲ್ಲಿ” ಅಂದರು ಆಂಟಿ. ಹುಲ್ಲಿನಡಿ, ನಾಲ್ಕು ಬೆರಳು ಆಳದಲ್ಲಿ, ಜೋಡಿ ಬೆಳ್ಳಿ ಕಾಲ್ಗೆಜ್ಜೆ.

ಅಂಕಲ್‌ಗೆ ನೋಡಿದ ಕೂಡಲೇ ನೆನಪಾಯಿತು. ಶಶಿಕಲಾ ಅವರದು, ತೀರಿಹೋದ ಅಮ್ಮನ ಗೆಜ್ಜೆ. ನಾಲ್ಕು ವರ್ಷದ ಹಿಂದೆ ಪಿಕ್‌ನಿಕ್‌ಗೆ ಬಂದಾಗ ಬಿಚ್ಚಿ ಚಾಪೆಯ ಮೇಲಿಟ್ಟಿದ್ದರು. ಚಾಪೆ ಮಡಿಸಿದ್ದು ನಾದಿನಿ ವೀಣಾ. ನೆಲದಲ್ಲಿಲ್ಲ ಎಂದು ಅಂಕಲ್ ಹೇಳಿದ ಮೇಲೆ ಉಳಿದದ್ದು ಒಂದೇ ಅನುಮಾನ. ಅದನ್ನು ಹೊತ್ತೇ ವೀಣಾ ಮೆಲ್ಬರ್ನ್‌ಗೆ ಹೋದರು. ಮಾತುಕತೆ ನಿಂತಿತು.

ಗೆಜ್ಜೆ ಕೈಗೆ ಬಂದಾಗ ಶಶಿಕಲಾಗೆ ಸಂತೋಷವಾಗಲಿಲ್ಲ. “ಈಗ ಅವಳಿಗೆ ಏನಂತ ಫೋನ್ ಮಾಡ್ಲಿ ಅಂಕಲ್?”

“ಫೋನ್ ಬೇಡಮ್ಮ. ತಪ್ಪು ನಂದೂ ಇದೆ. ಮುಖ ನೋಡಿ ಹೇಳೋಣ.”

ಮುಂದಿನ ಶನಿವಾರ ಆಂಟಿಯೂ ಸೇರಿ ಮೂವರು ಕಾರಿನಲ್ಲಿ ಮೆಲ್ಬರ್ನ್‌ಗೆ ಹೋದರು. ಹಗಲಿಡೀ ಡ್ರೈವ್. ವೀಣಾ ಬಾಗಿಲು ತೆರೆದರು, ಕೂರಿಸಿ ಕಾಫಿ ಕೊಟ್ಟರು. ಅಂಕಲ್ ಕೈಮುಗಿದರಂತೆ. “ನನ್ನ ಕಿವಿ ಕೆಟ್ಟಿತ್ತಮ್ಮ. ತಪ್ಪು ಹೇಳಿಬಿಟ್ಟೆ.”

“ನಿಮ್ಮ ಮೇಲೆ ಕೋಪ ಇಲ್ಲ ಅಂಕಲ್. ಅಲ್ಲಿಲ್ಲ ಅಂದ್ರಿ, ಅಷ್ಟೇ. ನಾನು ಕಳ್ಳಿ ಅಂತ ಹೇಳ್ಲಿಲ್ವಲ್ಲ” ಎಂದ ವೀಣಾ, ಶಶಿಕಲಾ ಕಡೆ ತಿರುಗಿದರು. “ಅತ್ತಿಗೆ, ಮೆಷಿನ್ ಮಾತು ನಂಬಿದ್ರಿ. ನನ್ನ ಮಾತು ಯಾಕೆ ನಂಬ್ಲಿಲ್ಲ?”

ಶಶಿಕಲಾ ಗೆಜ್ಜೆ ತೆಗೆದು ಮುಂದಿಟ್ಟರು. ಅದನ್ನು ವೀಣಾ ಮುಟ್ಟಲೂ ಇಲ್ಲ. ಆದರೆ ಹೊರಡುವಾಗ, “ಇವತ್ತು ಇಲ್ಲೇ ಉಳ್ಕೊಳ್ಳಿ” ಅಂದರಂತೆ. ಮೂವರೂ ಉಳಿದರು.

ಮನೆಯವರ ಮಾತು ನಂಬಲು ನಮಗೆ ಸಾಕ್ಷಿ ಯಾಕೆ ಬೇಕು?