ಐದು ಗಂಟೆಗೆ ಕಡಿದುಹೋಗುತ್ತಿದ್ದ ವಿಪಿಎನ್

ಕೊರೊನಾ ಮುಗಿದು ಆಫೀಸುಗಳೆಲ್ಲ ಮತ್ತೆ ಬಾಗಿಲು ತೆರೆದ ವರ್ಷ. ಆಗ ನಾನು ಮಡಿಕೇರಿಯ ಒಂದು ಕಾಫಿ ಕಂಪನಿಯಲ್ಲಿ ನೆಟ್‌ವರ್ಕ್ ಇಂಜಿನಿಯರ್. ಬಾಳೆಲೆ, ಕೊಡ್ಲಿಪೇಟೆ, ತಿತಿಮತಿ ಕಡೆಯ ನಮ್ಮ ಎಸ್ಟೇಟುಗಳನ್ನೆಲ್ಲ ವಿಪಿಎನ್ ಮೂಲಕ ಹೆಡ್ ಆಫೀಸಿಗೆ ಜೋಡಿಸಿದ್ದೆ. ವಿಪಿಎನ್ ಅಂದರೆ ಎಲ್ಲರೂ ಬಳಸುವ ಇಂಟರ್ನೆಟ್ಟಿನೊಳಗೇ ನಮ್ಮವರಿಗೆ ಮಾತ್ರ ಅಂತ ಬೀಗ ಹಾಕಿಕೊಂಡ ದಾರಿ. ಕೊಡಗಿನ ಮಳೆಗಾಲದಲ್ಲೂ ಅದು ನಿಲ್ಲದಂತೆ ನೋಡಿಕೊಂಡವನು ನಾನು ಅನ್ನುವ ಜಂಬ ಆಗಲೂ ಇತ್ತು, ಈಗಲೂ ಇದೆ.

ತಿತಿಮತಿ ಮಾತ್ರ ನನ್ನ ಮಾನ ತೆಗೆಯುತ್ತಿತ್ತು. ಅಲ್ಲಿ ಹಾಜರಿ, ತೂಕ ಬರೆಯುವ ರೈಟರ್ ಜಾನಕಿ. ತಾಯಿ ಅದೇ ತೋಟದಲ್ಲಿ ಪಿಕ್ಕಿಂಗ್, ಅಂದರೆ ಕಾಫಿ ಹಣ್ಣು ಕುಯ್ಯುವ ಕೆಲಸ, ಮಾಡಿದವರು. ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ರೈಟರ್ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಆಕೆ. ಸಂಜೆ ಹಣ್ಣು ತೂಗಿದ ಮೇಲೆ, ಯಾರು ಎಷ್ಟು ಕಿಲೊ ಕುಯ್ದರು ಅಂತ ಆಕೆ ನಮ್ಮ ಸರ್ವರಿಗೆ ಹಾಕಬೇಕು. ಅರ್ಧ ಹಾಕುವಷ್ಟರಲ್ಲಿ, ದಿನಾ ಐದು ಗಂಟೆಗೆ, ವಿಪಿಎನ್ ಕಡಿದುಹೋಗುತ್ತಿತ್ತು.

ಮೂರು ಸಲ ಹೋದೆ. ರೂಟರ್ ಬದಲಾಯಿಸಿದೆ, ಸಂಪರ್ಕ ಕಡಿಯುವ ಮುನ್ನ ಕಾಯುವ ಸಮಯವನ್ನೂ ಹೆಚ್ಚಿಸಿದೆ. ನಾನಿದ್ದಷ್ಟು ಹೊತ್ತು ಎಲ್ಲ ಸರಿ. ಆ ರಸ್ತೆಯಲ್ಲಿ ಆನೆ ಕಾಟ, ಹೊರಗಿನಿಂದ ಬಂದವರು ನಾಲ್ಕಕ್ಕೆಲ್ಲ ಹೊರಟುಬಿಡುವುದು ರೂಢಿ. ನಾನೂ ಹೊರಡುತ್ತಿದ್ದೆ. ಕೊನೆಗೆ ರಿಪೋರ್ಟ್ ಬರೆದೆ: "ಲೈನಿನಲ್ಲಿ ದೋಷವಿಲ್ಲ. ಅಲ್ಲಿಯೇ ಯಾರೋ ಆಫ್ ಮಾಡುತ್ತಿರಬಹುದು."

ಅದನ್ನು ಓದಿದ ಜನರಲ್ ಮ್ಯಾನೇಜರ್, ಬೇಗ ಮನೆಗೆ ಹೋಗಲು ಜಾನಕಿಯೇ ಸ್ವಿಚ್ ತೆಗೆಯುತ್ತಾಳೆ ಅಂದುಕೊಂಡರು. ಸೋಮವಾರದಿಂದ ಆಕೆ ರೈಟರ್ ಅಲ್ಲ, ಪಿಕ್ಕಿಂಗಿಗೆ ಅಂತ ತೀರ್ಮಾನವಾಯಿತು.

ಜಾನಕಿ ನನಗೆ ಫೋನ್ ಮಾಡಿದಳು. "ಸಾರ್, ನಾನು ಸ್ವಿಚ್ ಮುಟ್ಟಿಲ್ಲ. ಎಲ್ಲರೂ ನಾಲ್ಕಕ್ಕೇ ಓಡ್ತೀರಿ. ಒಂದು ದಿನ ಐದು ಗಂಟೆಗೆ ಇಲ್ಲಿದ್ದು ನೋಡಿ." ಕೆನ್ನೆಗೆ ಹೊಡೆದ ಹಾಗಾಯಿತು. ಶನಿವಾರ ಹೋದೆ, ನಾಲ್ಕಾದರೂ ಕುರ್ಚಿ ಬಿಟ್ಟು ಏಳಲಿಲ್ಲ.

ಐದಕ್ಕೆ ವಾಚರ್ ಸುಬ್ಬಯ್ಯ ಆನೆ ತಡೆಯುವ ಸೋಲಾರ್ ಬೇಲಿಯನ್ನು ಆನ್ ಮಾಡಿದ. ಜಾನಕಿಯ ಮೇಜಿನ ಮೇಲಿದ್ದ ರೇಡಿಯೊ ಟಿಕ್ ಟಿಕ್ ಅನ್ನತೊಡಗಿತು. ಮೋಡೆಮಿನ ದೀಪ ಆರಿತು.

"ಇದು ದಿನಾ ಹೀಗೆ ಟಿಕ್ ಅಂತದಾ?"

"ಬೇಲಿ ಆನ್ ಆದ ಮೇಲೆ ದಿನಾ ಸಾರ್. ನೀವು ರೂಟರ್ ಬಗ್ಗೆ ಕೇಳಿದ್ರಿ, ರೇಡಿಯೊ ಬಗ್ಗೆ ಕೇಳಲಿಲ್ಲ."

ಹೊರಗೆ ಹೋಗಿ ನೋಡಿದರೆ, ನಮ್ಮ ಇಂಟರ್ನೆಟ್ ಬರುವ ಟೆಲಿಫೋನ್ ತಂತಿಯನ್ನು ಯಾರೋ ಪುಣ್ಯಾತ್ಮರು ಬೇಲಿಯ ಕಂಬಗಳಿಗೇ ಉದ್ದಕ್ಕೂ ಕಟ್ಟಿದ್ದರು. ಬೇಲಿಯಲ್ಲಿ ಬಿಟ್ಟು ಬಿಟ್ಟು ಹರಿಯುವ ಕರೆಂಟಿನ ಒಂದೊಂದು ಹೊಡೆತವೂ ತಂತಿಗೆ ತಾಗಿ ಮೋಡೆಮನ್ನು ಕೆಡವುತ್ತಿತ್ತು. ಬೇಲಿ ಆಫ್ ಮಾಡಿಸಿ ನೋಡೋಣ ಅಂದೆ.

"ಎರಡೇ ನಿಮಿಷ ಸಾರ್," ಅಂದ ಸುಬ್ಬಯ್ಯ. "ನಿಮ್ಮ ವಿಪಿಎನ್ ಆನೆ ತಡೆಯಲ್ಲ."

ಆಫ್ ಮಾಡಿದ. ದೀಪ ಹೊತ್ತಿತು. ಜಾನಕಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಭಾನುವಾರ ಬೇರೆ ಕಂಬ ನೆಡಿಸಿ ತಂತಿಯನ್ನು ಬೇಲಿಯಿಂದ ದೂರ ಎಳೆಸಿದೆ. ಸೋಮವಾರ ಆಫೀಸು ತೆರೆಯುತ್ತಲೇ ಜನರಲ್ ಮ್ಯಾನೇಜರ್ ಎದುರು ನಿಂತೆ. "ತಪ್ಪು ಜಾನಕಿಯದಲ್ಲ ಸಾರ್. ನನ್ನ ರಿಪೋರ್ಟಿನದು." ಅವರು ಆದೇಶ ಹರಿದು, "ಅದನ್ನು ಅವಳಿಗೆ ನೀನೇ ಹೇಳು" ಅಂದರು. ಹೇಳಿದೆ.

ಯಾವಾಗ ಕಡಿಯಿತು ಅಂತ ಕಂಪ್ಯೂಟರಿನ ದಾಖಲೆ ಹೇಳುತ್ತದೆ. ಯಾಕೆ ಅಂತ ಕೇಳಬೇಕಾದ್ದು ಅಲ್ಲಿ ಕೂತು ಕೆಲಸ ಮಾಡುವವರನ್ನು. ಎಷ್ಟೋ ಕಡೆ ವಿಪಿಎನ್ ಹಾಕಿಕೊಟ್ಟಿದ್ದೇನೆ, ಆದರೆ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವುದು ತಿತಿಮತಿಯದನ್ನೇ. ಆ ಸೋಮವಾರ ಸಂಜೆ ಆರಕ್ಕೆ ಎಲ್ಲರ ತೂಕವೂ ಪೂರ್ತಿ ಬಂದಿತ್ತು. ಷರಾ ಕಾಲಮ್ಮಿನಲ್ಲಿ ಜಾನಕಿ ಬರೆದಿದ್ದಳು: "ಬೇಲಿ ಆನ್. ವಿಪಿಎನ್ ಆನ್. ನಾನೂ ಇಲ್ಲೇ ಇದ್ದೇನೆ."