ಮೂರು ಚೀಟಿ, ಒಂದೇ ಊರು

ನನಗೆ ಕೊಬ್ಬರಿ ಗೊತ್ತು. ಇಷ್ಟನ್ನು ಜಂಬದಿಂದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲಿರುವುದರಲ್ಲಿ ಜಂಬಪಡುವಂಥದ್ದು ಏನೂ ಇಲ್ಲ. ತಿಪಟೂರಿನಲ್ಲಿ ಮೂವತ್ತು ವರ್ಷದಿಂದ ಮಂಡಿ ಇಟ್ಟುಕೊಂಡಿದ್ದೇನೆ. ಉಂಡೆ ಕೊಬ್ಬರಿಯನ್ನು ಕೈಯಲ್ಲಿ ತೂಗಿ, ಉಗುರಿನಿಂದ ಗೀರಿ, ಮೂಗಿಗೆ ಹಿಡಿದರೆ ಸಾಕು, ಒಳಗೆ ಕೆಟ್ಟಿದೆಯೋ ಇಲ್ಲವೋ ಹೇಳುತ್ತೇನೆ. ಒಡೆದು ನೋಡಬೇಕಾಗಿಲ್ಲ. ಮಾರ್ಕೆಟ್ಟಿನಲ್ಲಿ ನನಗೆ ಹಾಗಂತ ಹೆಸರಿದೆ. ಆದರೆ ಮನೆಯಲ್ಲಿದ್ದ ಇಬ್ಬರ ಮನಸ್ಸಿನಲ್ಲಿ ಏನಿದೆ ಅಂತ ನನಗೆ ತಿಳಿಯಲಿಲ್ಲ.

ಹೆಂಡತಿ ತೀರಿಹೋಗಿ ಎಂಟು ತಿಂಗಳಾಯಿತು. ಒಬ್ಬಳೇ ಮಗಳು, ದೆಹಲಿಯಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಅವಳು ಅಷ್ಟು ದೂರ ಹೋದದ್ದು ಹೇಗೆ ಅನ್ನುವುದನ್ನು ಬಾಯಲ್ಲಿ ಹೇಳಲು ನನಗಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೊಬ್ಬರಿ ಟೆಂಡರ್ ಈಗ ಮೊಬೈಲಿನಲ್ಲಿ ನಡೆಯುತ್ತದೆ. ನಾನು ಶುರು ಮಾಡಿದ ಕಾಲಕ್ಕೆ ಚೀಟಿ ಮತ್ತು ಡಬ್ಬ. ರಾಶಿ ನೋಡಿಕೊಂಡು ಬರುವುದು, ಚೀಟಿಯಲ್ಲಿ ರೇಟು ಬರೆದು ಮಡಚಿ ಡಬ್ಬಕ್ಕೆ ಹಾಕುವುದು. ಯಾರದು ಹೆಚ್ಚೋ ಮಾಲು ಅವರಿಗೆ. ಇದರಲ್ಲಿ ಎರಡು ಗುಟ್ಟು. ಇಷ್ಟವಾದ ರಾಶಿಯ ಮುಂದೆ ಜಾಸ್ತಿ ಹೊತ್ತು ನಿಲ್ಲಬಾರದು, ಮುಖದ ಮೇಲೆ ಏನೂ ತೋರಿಸಬಾರದು. ಎರಡನೆಯದು, ನಿನಗೆ ಎಷ್ಟು ಅನ್ನಿಸುತ್ತದೋ ಅಷ್ಟು ಬರೆಯಬಾರದು, ಪಕ್ಕದವನು ಎಷ್ಟು ಬರೆಯುತ್ತಾನೆ ಅಂತ ಊಹಿಸಿ ಬರೆಯಬೇಕು. ಟೆಂಡರ್ ಗೆದ್ದ ದಿನ ಊಟಕ್ಕೆ ಕೂತಾಗ ಇದನ್ನೇ ಹೇಳುತ್ತಿದ್ದೆ. ಹೆಂಡತಿ ಮುದ್ದೆ ಮುರಿಯುತ್ತಾ, ಮಗಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೇಳುತ್ತಿದ್ದರು. ಇಬ್ಬರೂ ಒಳ್ಳೆಯ ಶಿಷ್ಯರು ಅಂತ ಆಮೇಲೆ ಗೊತ್ತಾಯಿತು.

ಮಗಳು ತಿಪಟೂರಿನಲ್ಲೇ ಬಿ.ಎಸ್ಸಿ. ಮುಗಿಸಿದಳು. ಮೂರು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಗುವ ಹಾಗಾಯಿತು. ಒಂದು ಮೈಸೂರು, ಒಂದು ಹೈದರಾಬಾದು, ಒಂದು ದೆಹಲಿ. ನಾನು ಫೋನಿನಲ್ಲೇ ವಿಚಾರಿಸಿ ಮುಗಿಸೋಣ ಅಂದೆ. ಹೆಂಡತಿ ಒಪ್ಪಲಿಲ್ಲ.

"ಮಾಲು ನೋಡ್ದೆ ಚೀಟಿ ಬರೀತೀರೇನ್ರೀ ನೀವು? ಎರಡು ವರ್ಷ ಮಗಳು ಇರೋ ಜಾಗ. ಹೋಗಿ ನೋಡ್ಕೊಂಡು ಬರಾಣ ನಡೀರಿ" ಅಂದಳು.

ಹೋದೆವು, ಮೂವರೂ. ಹೆಂಡತಿ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಗೆರೆ ಎಳೆದು ಒಂದು ಪಟ್ಟಿ ಮಾಡಿಕೊಂಡಿದ್ದಳು. ನೀರು, ಊಟ, ಕಕ್ಕಸು, ಗೇಟಿನ ಕಾವಲು, ಊರಿಗೆ ಎಷ್ಟು ದೂರ. ಪ್ರೊಫೆಸರುಗಳು ಹೇಗೆ ಅನ್ನುವ ಕಲಮೇ ಇರಲಿಲ್ಲ. ನಾನು ನಕ್ಕೆ. "ಅದನ್ನ ಅವಳು ನೋಡ್ಕೊತಾಳೆ, ನಾನು ನಂಗೆ ಗೊತ್ತಿರೋದ್ನ ನೋಡ್ತೀನಿ" ಅಂದಳು. ಅವಳು ದಂಡಿನಶಿವರದ ಕಡೆಯ ಹಳ್ಳಿಯ ಹೆಣ್ಣು. ಆಫೀಸಿನೊಳಗೆ ಕಾಲಿಡುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಕಸ ಗುಡಿಸುವ ಹೆಂಗಸರ ಹತ್ತಿರ ಹೋಗಿ ಕೂತು ಮಾತಾಡಿಸುತ್ತಿದ್ದಳು. ತಟ್ಟೆಯ ಮೇಲೆ ಬೆರಳು ಉಜ್ಜಿ ಜಿಡ್ಡು ನೋಡುತ್ತಿದ್ದಳು. ಮಹಡಿಯಲ್ಲಿ ಹುಡುಗಿಯರ ಬಟ್ಟೆ ಒಣಹಾಕಿದ್ದಾರೆಯೋ ಅಂತ ತಲೆ ಎತ್ತಿ ನೋಡುತ್ತಿದ್ದಳು. ಬಟ್ಟೆ ಒಣಗುತ್ತಿದ್ದರೆ ಹುಡುಗಿಯರು ಅಲ್ಲಿ ನೆಮ್ಮದಿಯಾಗಿದ್ದಾರೆ ಅಂತ ಅವಳ ಲೆಕ್ಕ.

ಮೈಸೂರಿಗೆ ಅರಸೀಕೆರೆಗೆ ಹೋಗಿ ರೈಲು ಹಿಡಿದೆವು. ಅಲ್ಲಿ ಹಾಸ್ಟೆಲಿನ ಮುಂದೆ ಒಂದು ದೊಡ್ಡ ಮಳೆಮರ. ಹೆಂಡತಿ ಅದರ ಕೆಳಗೆ ಕೂತು, ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಕಾಲು ಚಾಚಿದಳು. ಮೆಸ್ಸಿನಿಂದ ತರಿಸಿಕೊಂಡು ಎರಡು ಲೋಟ ನೀರು ಕುಡಿದಳು. ಹೇಗಿದೆ ಅಂದೆ. "ಪರವಾಗಿಲ್ಲ" ಅಂದಳು, ಅಷ್ಟೇ. ಮಗಳೂ ಪರವಾಗಿಲ್ಲ ಅಂದಳು. ನನಗೆ ಮಾತ್ರ ಆ ಜಾಗ ತುಂಬ ಹಿಡಿಸಿತ್ತು. ಶನಿವಾರ ಮಧ್ಯಾಹ್ನ ಹೊರಟರೆ ರಾತ್ರಿ ಊಟಕ್ಕೆ ಮಗಳು ಮನೆಯಲ್ಲಿ. ಆದರೆ ತೋರಿಸಿಕೊಳ್ಳಲಿಲ್ಲ. ಅಪ್ಪ ಹತ್ತಿರ ಇಟ್ಟುಕೊಳ್ಳಲು ನೋಡುತ್ತಾನೆ ಅಂತ ಮಗಳಿಗೆ ಅನ್ನಿಸಬಾರದು ನೋಡಿ.

ಹೈದರಾಬಾದಿನಲ್ಲಿ ಊಟದ ಖಾರಕ್ಕೆ ತಾಯಿ ಮಗಳು ಇಬ್ಬರ ಕಣ್ಣಲ್ಲೂ ನೀರು ಬಂತು. ಪಟ್ಟಿಯಿಂದ ಅದು ಅಲ್ಲೇ ಹೋಯಿತು.

ದೆಹಲಿ ನಮ್ಮ ಅಳತೆಗೆ ಸಿಗುವಂಥದ್ದಲ್ಲ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಆಟೋ ಮಾಡಿಕೊಂಡು ಹೋಗಬೇಕು. ಮಗಳು ಲೈಬ್ರರಿಯ ಮುಂದೆ ನಿಂತಳು. ತಲೆ ಎತ್ತಿಕೊಂಡು ಎಷ್ಟು ಹೊತ್ತು ನಿಂತಳೆಂದರೆ, ಇಷ್ಟವಾದ ರಾಶಿಯ ಮುಂದೆ ಹೊಸಬ ನಿಲ್ಲುವ ಹಾಗೆ. ನನಗೆ ಗೊತ್ತಾಗಿಹೋಯಿತು, ಅಥವಾ ಹಾಗಂದುಕೊಂಡೆ. ಹೆಂಡತಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗಿನಿಂದ ಬೆವರು ಒರೆಸಿಕೊಂಡು "ಚೆನ್ನಾಗಿದೆ. ದೊಡ್ಡದಾಗಿದೆ" ಅಂದಳು. ಮೈಸೂರಿಗೆ ಪರವಾಗಿಲ್ಲ, ದೆಹಲಿಗೆ ಚೆನ್ನಾಗಿದೆ. ನನಗೆ ಅಷ್ಟು ಸಾಕಾಯಿತು.

ವಾಪಸ್ಸು ಬಂದು ಒಂದು ವಾರ ಮೂವರೂ ನೀನು ಹೇಳು, ನೀವು ಹೇಳಿ ಅಂತ ಒಬ್ಬರ ಮೇಲೆ ಒಬ್ಬರು ಹಾಕಿದೆವು. ಸೀಟು ಒಪ್ಪಿಕೊಳ್ಳಲು ಇನ್ನೆರಡು ದಿನ ಇತ್ತು. ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ನಾನೇ ಹೇಳಿದೆ, ಟೆಂಡರ್ ಹಾಕೋಣ. ಯಾರಿಗೂ ಯಾರ ಮುಲಾಜೂ ಬೇಡ. ಮನಸ್ಸಿನಲ್ಲಿರುವ ಊರಿನ ಹೆಸರು ಬರೆದು ಡಬ್ಬಕ್ಕೆ ಹಾಕಿ. ಎಷ್ಟು ಬುದ್ಧಿವಂತ ನಾನು! ಹೆಂಡತಿ ಖಾಲಿ ಕಾಫಿಪುಡಿ ಡಬ್ಬ ತಂದಳು. ಆ ಪಟ್ಟಿಯಲ್ಲೇ ಉಳಿದಿದ್ದ ಖಾಲಿ ಜಾಗವನ್ನು ಮೂರು ತುಂಡು ಹರಿದಳು. ಮೂವರೂ ಮೂರು ಮೂಲೆಯಲ್ಲಿ ಕೂತು, ಕೈ ಅಡ್ಡ ಹಿಡಿದುಕೊಂಡು ಬರೆದೆವು. ಮಗಳು ಕಿಸಕ್ಕನೆ ನಗುತ್ತಿದ್ದಳು.

ಡಬ್ಬ ತೆಗೆದು ಓದಿದವನು ನಾನು. ದೆಹಲಿ. ದೆಹಲಿ. ದೆಹಲಿ.

ಮೂವರೂ ಚಪ್ಪಾಳೆ ತಟ್ಟಿದೆವು. "ನೋಡುದ್ರಾ, ನಮ್ಮ ಮನೇಲಿ ಮನಸ್ತಾಪವೇ ಇಲ್ಲ" ಅಂತ ಹೆಂಡತಿ ಕಾಯಿಹಾಲು ಹಿಂಡಿ ಪಾಯಸ ಮಾಡಿದಳು. ನಾನು ಮೂರು ಲೋಟ ಕುಡಿದೆ.

ಮಗಳು ಹೋದಳು. ಎರಡು ರಾತ್ರಿಯ ರೈಲು. ವರ್ಷಕ್ಕೆ ಎರಡು ಸಲ ಬರುವುದೇ ಹೆಚ್ಚು. ಸಂಜೆ ಫೋನ್ ಮಾಡಿದಾಗಲೆಲ್ಲ ಚೆನ್ನಾಗಿದೆ ಅನ್ನುತ್ತಿದ್ದಳು. ಚೆನ್ನಾಗಿದೆಯಂತೆ ಅಂತ ನಾನು ಹೆಂಡತಿಗೆ ಹೇಳುತ್ತಿದ್ದೆ, ಅವಳೂ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದರೂ. ಶನಿವಾರ ಬಂದರೆ ಮಾತ್ರ ಅವಳು ಯಾಕೋ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದಳು. ಭಾನುವಾರ ಅದಕ್ಕೆ ಒಗ್ಗರಣೆ ಬೀಳುತ್ತಿತ್ತು. ಹಳೇ ಅನ್ನ ತಿಂದು ಸಾಕಾಗಿದೆ ಕಣೇ ಅಂತ ನಾನು ರೇಗಿದ್ದೂ ಉಂಟು.

ಸಂಕ್ರಾಂತಿಗೆ ಮುಂಚೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಅಂದುಕೊಂಡೆವು. ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರು ನನ್ನನ್ನು ಒಬ್ಬನನ್ನೇ ಒಳಗೆ ಕರೆದರು. ಎಲ್ಲಾ ಸೇರಿ ಏಳು ವಾರ. ಮಗಳು ನಡುವೆ ಒಂದು ಸಲ ಬಂದು ನಾಲ್ಕು ದಿನ ಇದ್ದು ಹೋದಳು. ಪರೀಕ್ಷೆ ಬಿಡಬೇಡ ಅಂತ ತಾಯಿಯೇ ಕಳಿಸಿದಳು.

ಒಂದು ಮಧ್ಯಾಹ್ನ, ಆಸ್ಪತ್ರೆಯಲ್ಲಿ, ನಾನು ಮೂಸಂಬಿ ಸುಲಿಯುತ್ತಿದ್ದೆ. ಅವಳು ಕಿಟಕಿ ಕಡೆ ನೋಡಿಕೊಂಡು ಕೇಳಿದಳು.

"ಇವತ್ತು ಶನಿವಾರ ಅಲ್ವೇನ್ರೀ?"

"ಹೂಂ ಕಣೇ."

"ಮೈಸೂರಾಗಿದ್ದಿದ್ರೆ ಈಗ ರೈಲಲ್ಲಿ ಇರೋಳು."

ನನ್ನ ಕೈಯಲ್ಲಿದ್ದ ಹಣ್ಣು ಹಾಗೇ ಉಳಿಯಿತು. "ನೀನೇ ದೆಹಲಿ ಅಂತ ಬರೆದೆಯಲ್ಲೇ" ಅಂದೆ.

"ಬರೆದೆ. ನೀವಿಬ್ರೂ ಅದ್ನೇ ಬರೀತೀರಾ ಅಂತ ಗೊತ್ತಿತ್ತಲ್ಲ. ಅವಳು ಹಂಗೆ ಬಾಯಿ ಬಿಟ್ಕೊಂಡು ನಿಂತಿದ್ಲು. ನಾನೊಬ್ಳು ಮೈಸೂರು ಅಂತ ಬರೆದಿದ್ರೆ, ಅಮ್ಮಂಗೆ ಇಷ್ಟ ಇಲ್ಲ ಅಂತ ಹೋಗೋದೇ ಬುಡೋಳು. ನೀವೇ ಹೇಳ್ತಿದ್ರಲ್ಲ, ಪಕ್ಕದೋರು ಏನು ಬರೀತಾರೆ ನೋಡಿ ಬರೀಬೇಕು ಅಂತ."

"ನಾನೂ ಮೈಸೂರೇ ಅಂದ್ಕೊಂಡಿದ್ದೆ ಕಣೇ" ಅಂದೆ.

ಅವಳು ತಿರುಗಿ ನೋಡಿದಳು. ಮೊದಲು ನಕ್ಕಳು. "ಥೂ, ನಿಮ್ಮ ಟೆಂಡರ್ ಮನೆ ಹಾಳಾಗ" ಅಂದಳು. ನಗುತ್ತಾ ನಗುತ್ತಾ ಅತ್ತಳು. ನಾನು ಅವಳ ಕೈ ಹಿಡಿದುಕೊಂಡು ಅತ್ತೆ, ಪಕ್ಕದ ಹಾಸಿಗೆಯವರು ನೋಡುತ್ತಿದ್ದರೂ. ಮೂವತ್ತು ವರ್ಷ ಮುಖದ ಮೇಲೆ ಏನನ್ನೂ ತೋರಿಸದೆ ವ್ಯಾಪಾರ ಮಾಡಿದವನು ನಾನು.

ಸ್ವಲ್ಪ ಹೊತ್ತಾದ ಮೇಲೆ ಅಂದಳು, "ಹೋಗ್ಲಿ ಬುಡಿ. ಅವಳು ಆಸೆಪಟ್ಟಿದ್ದು ಅವಳಿಗೆ ಸಿಕ್ತಲ್ಲ. ನಾನು ಹಿಂಗಂದೆ ಅಂತ ಅವಳಿಗೆ ಹೇಳ್ಬೇಡಿ. ಮಾತು ಕೊಡಿ."

ಕೊಟ್ಟೆ. ಹನ್ನೊಂದು ದಿನಕ್ಕೆ ಅವಳು ಹೋದಳು. ಮಗಳು ವಿಮಾನ ಇಳಿದು, ಕಾರು ಮಾಡಿಕೊಂಡು ಮನೆ ಮುಟ್ಟುವ ಹೊತ್ತಿಗೆ ತಾಯಿಯನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ ಇಟ್ಟು. ಮಗಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. ಅದರ ಮುಂದಿನದನ್ನು ಬರೆಯಲು ನನ್ನ ಕೈಲಾಗುವುದಿಲ್ಲ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಅವಳು ವಾಪಸ್ಸು ಹೋಗುವ ಹಿಂದಿನ ದಿನ ಬೆಳಿಗ್ಗೆ, ನನಗೊಂದು ಅಡುಗೆಮನೆಯ ಪಾಠ ನಡೆಯಿತು. ಉಪ್ಪು ಎಲ್ಲಿ, ಸಾರಿನ ಪುಡಿ ಎಲ್ಲಿ, ಅನ್ನಕ್ಕೆ ಎಷ್ಟು ನೀರು. ಡಬ್ಬಗಳನ್ನು ಒಂದೊಂದಾಗಿ ಇಳಿಸಿ ತೋರಿಸುತ್ತಿದ್ದವಳ ಕೈಗೆ ಆ ಕಾಫಿಪುಡಿ ಡಬ್ಬ ಸಿಕ್ಕಿತು. ಮುಚ್ಚಳ ತೆಗೆದರೆ ಮೂರು ಚೀಟಿಗಳೂ ಅದರಲ್ಲೇ ಇದ್ದವು. ಹೆಂಡತಿ ಎಸೆದಿರಲಿಲ್ಲ. ಮಗಳು ನೆಲದ ಮೇಲೆ ಕೂತು ಅವನ್ನು ಹರಡಿಕೊಂಡಳು. ಕಾಫಿಯ ವಾಸನೆ ಬರುತ್ತಿತ್ತು.

"ಅಪ್ಪ, ಒಂದು ಹೇಳ್ತೀನಿ, ಬಯ್ಯಬಾರದು" ಅಂದಳು. "ನಂಗೆ ಮೈಸೂರೇ ಇಷ್ಟ ಇತ್ತು."

ನಾನು ಒಲೆ ಆರಿಸಿದೆ.

"ಆ ಲೈಬ್ರರಿ ಮುಂದೆ ನಿಂತಾಗ, ಇಷ್ಟು ದೊಡ್ಡ ಜಾಗದಲ್ಲಿ ನಾನೊಬ್ಳೇ ಹೆಂಗಪ್ಪ ಇರೋದು ಅಂತ ಅಳು ಬರ್ತಿತ್ತು. ಕಣ್ಣೀರು ಬೀಳಬಾರ್ದು ಅಂತ ತಲೆ ಎತ್ಕೊಂಡು ನಿಂತಿದ್ದೆ. ಅಷ್ಟರಲ್ಲಿ ಅಮ್ಮ ಚೆನ್ನಾಗಿದೆ ಅಂದ್ಲು. ಅವಳ ಬಾಯಲ್ಲಿ ಆ ಮಾತು ಬೇರೆಲ್ಲೂ ಬರಲಿಲ್ಲ. ನನ್ನ ಮಗಳು ಡೆಲ್ಲೀಲಿ ಓದ್ತಾಳೆ ಅಂತ ಹೇಳ್ಕೊಳೋ ಆಸೆ ಇರ್ಬೇಕು ಅಂತ ಅದನ್ನೇ ಬರೆದೆ."

ತಾಯಿಯ ಚೀಟಿಯನ್ನು ಅಂಗೈಯಲ್ಲಿಟ್ಟು ನೇವರಿಸಿದಳು. ಹೆಂಡತಿಯ ದುಂಡು ಅಕ್ಷರ, ಹ-ಕಾರದ ಬಾಲ ಉದ್ದ.

"ಅಲ್ಲಿ ಒಂದೊಂದು ದಿನ ಎದ್ದು ಬಂದ್ಬಿಡಾಣ ಅನ್ನಿಸ್ತಿತ್ತು. ಅಮ್ಮ ಆಸೆಪಟ್ಟಿದ್ದು ಅಂತ ತಡ್ಕೊಂಡೆ. ಈಗ್ಲೂ ಅದೊಂದೇ ಸಮಾಧಾನ. ಅವಳಿಗೆ ಇದೇ ಬೇಕಿತ್ತು, ಅಲ್ವೇನಪ್ಪ?"

ಹೇಳಿಬಿಡಬಹುದಿತ್ತು. ಇಲ್ಲ ಕಣವ್ವ, ಅವಳಿಗೆ ನೀನು ಬೇಕಿತ್ತು, ಶನಿವಾರ ಶನಿವಾರ ನಿನಗೆ ಅಂತ ಅಕ್ಕಿ ಹಾಕುತ್ತಿದ್ದಳು, ನನಗೂ ನೀನು ಹತ್ತಿರ ಬೇಕಿತ್ತು, ಮೂವರಲ್ಲಿ ಒಬ್ಬರಿಗೂ ಬೇಡದ ಊರನ್ನು ಮೂವರೂ ಬರೆದೆವು, ಅದನ್ನು ಕಲಿಸಿದವನು ನಾನು. ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟ ಮಾತು ಅಡ್ಡ ಬಂತು ಅಂದರೆ ಅರ್ಧ ನಿಜ. ನನ್ನ ಕಣ್ಣು ಅವಳ ಮುಖದ ಮೇಲಿತ್ತು. ಯಾವ ಉತ್ತರ ಬೇಕು ಅಂತ ಅಲ್ಲಿ ಕಾಣುತ್ತಿತ್ತು. ಅಷ್ಟಾದ ಮೇಲೂ ನಾನು ಅದನ್ನೇ ನೋಡಿಕೊಂಡು ಬರೆಯುವವನು.

"ಹೂಂ ಕಣವ್ವ, ಅವಳಿಗೆ ದೆಹಲಿಯೇ ಬೇಕಿತ್ತು" ಅಂದೆ.

"ಸದ್ಯ" ಅಂತ ಉಸಿರು ಬಿಟ್ಟಳು. ಈ ಚೀಟಿ ನಾನು ಇಟ್ಕೊಳ್ಲಾ ಅಂತ ಕೇಳಿ ಪರ್ಸಿಗೆ ಸೇರಿಸಿದಳು. ಉಳಿದೆರಡನ್ನು ಡಬ್ಬಕ್ಕೆ ಹಾಕಿ ಮೇಲಿಟ್ಟಳು. ಮಾರನೆಯ ದಿನ ಹೊರಟಳು.

ಹೋದ ವಾರ ಮೊಬೈಲಿಗೆ ಒಂದು ಫೋಟೋ ಕಳಿಸಿದ್ದಾಳೆ. ಹಾಸ್ಟೆಲಿನ ಅವಳ ಮೇಜು, ಮೇಜಿನ ಮೇಲೆ ಪುಸ್ತಕ, ಎದುರಿನ ಗೋಡೆಯಲ್ಲಿ ಗಾಜಿನ ಚೌಕಟ್ಟು. ಚೌಕಟ್ಟಿನೊಳಗೆ ಆ ಚೀಟಿ. ಕೆಳಗೆ 'ಅಮ್ಮನ ಆಸೆ' ಅಂತ ಬರೆದಿದ್ದಾಳೆ. ದಿನಾ ಬೆಳಿಗ್ಗೆ ಇದನ್ನು ನೋಡಿಕೊಂಡೇ ಕ್ಲಾಸಿಗೆ ಹೋಗುತ್ತಾಳಂತೆ. ಹೇಗಿದೆ ಅಪ್ಪ ಅಂತ ಕೇಳಿದ್ದಳು.

ಮಂಡಿಯಲ್ಲಿ ಕೂತಿದ್ದೆ. ಸುತ್ತ ಕೊಬ್ಬರಿ ಚೀಲ, ಮಾತಾಡುವ ಜನ. ತುಂಬ ಹೊತ್ತು ಆ ಹ-ಕಾರದ ಬಾಲ ನೋಡಿದೆ. ಆಮೇಲೆ, ಚೆನ್ನಾಗಿದೆ ಕಣವ್ವ, ಅಂತ ಬರೆದು ಕಳಿಸಿದೆ.